ಓಣಿಯ ಬಾಯಲ್ಲೊಂದು ಪೆಟ್ರೋಲ್ ಪಂಪು

ನನ್ನ ಸ್ಕೂಟರಿನ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿದದ್ದನ್ನು ನಾನು ನೋಡಿಲ್ಲ. ನೋಡುವ ಧೈರ್ಯವಿಲ್ಲ ಎನ್ನುವುದು ಹೆಚ್ಚು ಸರಿ. ಮುಳ್ಳು ಅರ್ಧದ ಗೆರೆಯ ಹತ್ತಿರ ತೂಗಾಡತೊಡಗಿದರೆ ನನ್ನ ಎದೆಯೂ ತೂಗಾಡುತ್ತದೆ. ದಾರಿಯಲ್ಲಿ ನಿಂತುಬಿಟ್ಟರೆ? ನಿಂತಾಗಲೇ ಮಳೆ ಬಂದರೆ? ನೂಕಿಕೊಂಡು ಹೋಗುವಾಗ ಪರಿಚಯದವರು ಕಂಡು, ಗಾಡಿ ನಿಲ್ಲಿಸಿ, ಕಾರಣ ಕೇಳಿದರೆ? ಈ ಮೂರನೆಯದೇ ದೊಡ್ಡ ಭಯ. ನಾನು ಪೆಟ್ರೋಲ್ ಹಾಕಿಸುವುದು ಸ್ಕೂಟರಿಗಲ್ಲ, ನನ್ನ ಜೀವಕ್ಕೆ ಎಂದು ನನ್ನ ಹೆಂಡತಿ ಬಂದವರೆದುರು ಹೇಳುತ್ತಾಳೆ. ಐವತ್ತು ದಾಟಿದ ಮೇಲೆ ಇಂಥ ಮಾತನ್ನು ಅಲ್ಲಗಳೆಯುವ ಉಮೇದೂ ಉಳಿದಿಲ್ಲ.

ಹೀಗಾಗಿ ಗದಗ ಸೀಮೆಯ ಪಂಪುಗಳೆಲ್ಲ ನನಗೆ ಪರಿಚಯ. ಕೆಲವರು ಊರುಗಳನ್ನು ಗುಡಿಗಳಿಂದ ಗುರುತಿಡುತ್ತಾರೆ, ಕೆಲವರು ಖಾನಾವಳಿಗಳಿಂದ, ನಾನು ಪಂಪುಗಳಿಂದ. ತೊಂದರೆಯೆಂದರೆ ಪಂಪಿನಿಂದ ಊರು ಗುರುತು ಸಿಗುವುದಿಲ್ಲ. ಮುಂಡರಗಿಯದು ಯಾವುದು, ಶಿರಹಟ್ಟಿಯದು ಯಾವುದು ಎಂದು ಫೋಟೋ ತೋರಿಸಿ ಕೇಳಿದರೆ ಅಲ್ಲಿಯವರೇ ತಡವರಿಸಿಯಾರು. ಒಂದೇ ಥಾನಿನಲ್ಲಿ ಅಂಗಿ ಹೊಲಿಸಿಕೊಂಡ ಅಣ್ಣತಮ್ಮಂದಿರ ಹಾಗೆ ಸಾಲಾಗಿ ನಿಂತಿರುತ್ತವೆ. ತಗಡಿನ ಚಾವಣಿ ಎಷ್ಟು ಎತ್ತರವೆಂದರೆ ನಡುಮಧ್ಯಾಹ್ನ ಬಿಟ್ಟರೆ ಅದರ ನೆರಳು ಅದರ ಕೆಳಗೆ ನಿಂತವರಿಗೆ ಸಿಗುವುದಿಲ್ಲ, ಪಕ್ಕದ ಹೊಲದ ಶೇಂಗಾಕ್ಕೆ ಸಿಗುತ್ತದೆ. ಹೊಲದ ಬದುವಿನಲ್ಲಾದರೆ ಹೋಗಲಿ. ಆದರೆ ಹಳೆಯ ಪೇಟೆಯ ನಡುವೆ, ಕಟ್ಟಿಗೆಯ ಕಂಬ, ಕಲ್ಲಿನ ಕಟ್ಟೆ, ಕೈ ಚಾಚಿದರೆ ಮುಟ್ಟುವ ಹಂಚಿನ ಸೂರುಗಳ ಮಧ್ಯೆ ಇಂಥದೊಂದು ಬಂದು ನಿಂತರೆ, ಮದುವೆಯ ಪಂಕ್ತಿಯಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತಿರುವಾಗ ಒಬ್ಬ ಮಾತ್ರ ಬೂಟು ಹಾಕಿಕೊಂಡು ನಡುವೆ ನಿಂತಂತೆ ಕಾಣುತ್ತದೆ.

ಇದೆಲ್ಲ ನಾನು ಚಾವಣಿ ನೋಡುತ್ತ ನಿಂತಾಗ ಹೊಳೆದ ವಿಚಾರ. ಚಾವಣಿ ನೋಡುವುದು ನನ್ನ ಕಸುಬಿನ ಚಟ. ಬೆಟಗೇರಿಯಲ್ಲಿ ಒಂದು ಸೀರೆ ಅಂಗಡಿಯ ಮೇಲೆ ಕೂತು ನಾನು ಮನೆಗಳ ನಕ್ಷೆ ಬರೆಯುತ್ತೇನೆ. ಬರುವವರು ಅಡುಗೆಮನೆ ಯಾವ ಮೂಲೆಗೆ ಎಂದು ಕೇಳುತ್ತಾರೆ. ನಾನು ಹೇಳಿದ ಮೂಲೆ ಬಿಟ್ಟು ಇನ್ನೊಂದು ಮೂಲೆಯಲ್ಲಿ ಕಟ್ಟಿಕೊಳ್ಳುತ್ತಾರೆ. ಇಂಥವನಿಗೆ ಲಕ್ಷ್ಮೇಶ್ವರದ ದಾವಲಸಾಬ್ ಫೋನು ಮಾಡಿ ತನ್ನ ಪೆಟ್ರೋಲ್ ಪಂಪಿಗೆ ಹೊಸ ನಕ್ಷೆ ಬೇಕೆಂದಾಗ, ರಾಂಗ್ ನಂಬರ್ ಇರಬೇಕೆಂದು ಮೊದಲು ನಾನೇ ಅನುಮಾನಿಸಿದೆ.

ದಾವಲಸಾಬನ ಪಂಪು ಅವನ ತಂದೆ ಹಾಕಿದ್ದು. ಹಳೆಯ ಪೇಟೆಯ ರಸ್ತೆಯಲ್ಲಿ, ಒಂದು ಓಣಿಯ ಬಾಯಿಗೆ ಸರಿಯಾಗಿ ಇದೆ. ಎರಡು ಮಷೀನು, ಒಂದು ಬೇವಿನ ಮರ, ಮಂಗಳೂರು ಹಂಚಿನ ಒಂದು ಚಪ್ಪರ. ಓಣಿಯವರು ಪೇಟೆಗೆ ಬರಬೇಕಾದರೆ ಪಂಪಿನ ಅಂಗಳ ಹಾಯ್ದೇ ಬರುತ್ತಾರೆ. ನಳ ಇರುವುದು ರಸ್ತೆಯ ಆಚೆ. ನಳ ಬಿಟ್ಟ ದಿನ ಹೆಣ್ಣುಮಕ್ಕಳು ಕೊಡ ಹೊತ್ತು ಸಾಲುಗಟ್ಟಿ ಅಂಗಳ ದಾಟುವಾಗ ಪಂಪಿನವರು ಪೈಪನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿರಬೇಕು. ಇದು ತಂದೆಯ ಕಾಲದಿಂದ ಬಂದ ಪದ್ಧತಿ. ಮೊದಲು ಕಾಲಿನವರು, ಆಮೇಲೆ ಗಾಲಿಯವರು. ಗಾಲಿಯವರೂ ಬೇಸರಿಸುವುದಿಲ್ಲ. ತುಂಬಿದ ಕೊಡ ಎದುರಾದರೆ ಹೋದ ಕೆಲಸ ಆಗುತ್ತದೆಂಬ ನಂಬಿಕೆ. ಹೆಣ್ಣು ನೋಡಲು ಹೊರಟವರು, ಕೋರ್ಟಿಗೆ ಹೊರಟವರು, ಶಿಗ್ಲಿಯಿಂದ ಮೆಣಸಿನಕಾಯಿ ಹೇರಿಕೊಂಡು ದೂರದ ಸಂತೆಗೆ ಹೊರಟವರು ಊರ ಹೊರಗಿನ ದೊಡ್ಡ ಪಂಪು ಬಿಟ್ಟು ಇಲ್ಲಿಗೇ ಬರುತ್ತಾರೆ. ನಳ ಬಾರದ ದಿನಗಳಲ್ಲಿ ವ್ಯಾಪಾರ ಸ್ವಲ್ಪ ಕಡಿಮೆ ಎಂದು ದಾವಲಸಾಬನೇ ಹೇಳಿದ.

ಈಗ ಪಂಪು ಹಳೆಯದಾಯಿತು, ಹೊಸದಾಗಿ ಕಟ್ಟಬೇಕು ಎಂದು ಪೆಟ್ರೋಲ್ ಕಂಪನಿಯ ಮೇಲಿನವರು ಹೇಳಿದ್ದರು, ಜೊತೆಗೆ ಮಾದರಿ ನಕ್ಷೆಯನ್ನೂ ಕಳಿಸಿದ್ದರು. ಅದೇ ಎತ್ತರದ ಚಾವಣಿ, ರಾತ್ರಿಯಿಡೀ ಕಣ್ಣು ಕುಕ್ಕುವ ಬೆಳಕು. ಹಿಂದೆ ಮತ್ತು ಎರಡೂ ಬದಿಗೆ ಆಳೆತ್ತರದ ಗೋಡೆ. ಹಿಂದಿನ ಗೋಡೆ ಎಂದರೆ ಓಣಿಯ ಬಾಯಿ ಮುಚ್ಚಿದಂತೆಯೇ. ಕಾಗದದ ಮೇಲೆ ಅಲ್ಲಿ ಓಣಿಯೇ ಇರಲಿಲ್ಲ. ಖಾಲಿ ಬಿಳಿ ಜಾಗವಿತ್ತು. ಆ ಬಿಳಿ ಜಾಗದಲ್ಲಿ ಮೊದಲ ಮನೆ ನೀಲವ್ವನದು.

ನೀಲವ್ವ ಕೌದಿ ಹೊಲಿಯುವಾಕೆ. ಅರವತ್ತೈದು ದಾಟಿದೆ, ಸೊಸೆ ಮೊಮ್ಮಕ್ಕಳ ತುಂಬು ಮನೆ. ಹಳೆಯ ಸೀರೆ, ಧೋತರ ಜೋಡಿಸಿ ಹೊಲಿಯುವ ಅವಳ ಕೌದಿಗೆ ಪೇಟೆಯ ಮನೆಗಳೇ ಗಿರಾಕಿ. ದಿನಾ ಮುಂಜಾನೆ ಅಂಗಳ ದಾಟಿ ಯಾರದಾದರೂ ಪಡಸಾಲೆಗೆ ಹೋಗಿ ಕೂತು ಹೊಲಿಯುತ್ತಾಳೆ. ಓಣಿಯ ಇನ್ನೊಂದು ಬಾಯಿ ಊರಿನ ಆ ಕಡೆಗಿದೆ. ಅಲ್ಲಿಂದ ಸುತ್ತು ಹಾಕಿ ಪೇಟೆಗೆ ಬರುವುದು ಗಟ್ಟಿ ಕಾಲಿನವರಿಗೂ ಒಂದು ಪ್ರಯಾಣ. ಅವಳ ಮೊಣಕಾಲಿಗೆ ಅದು ಆಗದ ಮಾತು. ಗೋಡೆ ಎದ್ದರೆ ನೀಲವ್ವನ ಸೂಜಿಗೆ ಕೆಲಸವಿಲ್ಲ. ನಾನು ಟೇಪು ಹಿಡಿದು ಅಳೆಯುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

"ಗ್ವಾಡಿ ಎಲ್ಲಿ ಬರತೈತ್ರಿ ಸಾಹೇಬ್ರ?"

ನಾನು ಪೆನ್ಸಿಲಿನಿಂದ ತೋರಿಸಿದೆ.

"ಆ ಗೆರಿ ನಿಮಗ ಹಾಳಿ ಮ್ಯಾಲೆ ಕಾಣತೈತಿ. ನನಗ ಮೊಣಕಾಲ ಮ್ಯಾಲೆ ಕಾಣತೈತಿ," ಎಂದಳು. ಸಿಟ್ಟಿನಿಂದಲ್ಲ. ಬಟ್ಟೆಯ ಅಳತೆ ತಪ್ಪಿದೆ ಎಂದು ತಿಳಿಸುವ ದನಿ.

ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ನೀವು ನಗಬಹುದು, ಏಕೆಂದರೆ ನನಗೆ ಉಳಿದ ರಾತ್ರಿಗಳಲ್ಲೂ ಬರುವುದಿಲ್ಲ. ನನ್ನ ಚಿಂತೆ ಎರಡು ಕಡೆಗೂ ಎಳೆಯುತ್ತಿತ್ತು. ಗೋಡೆ ಬೇಕೆನ್ನುವವರ ಮಾತು ಸುಳ್ಳಲ್ಲ. ಪೆಟ್ರೋಲ್ ಎಂದರೆ ಪೆಟ್ರೋಲ್. ಅದಕ್ಕೆ ಓಣಿಯ ಸಲಿಗೆ ಗೊತ್ತಿಲ್ಲ. ಒಂದು ಕಿಡಿ ಬಿದ್ದರೆ? ಹಿಂದಕ್ಕೆ ಬರುವ ಟ್ರ್ಯಾಕ್ಟರು ನಡೆಯುವವರನ್ನು ಕಾಣದೇ ಹೋದರೆ? ಆದರೆ ಇನ್ನೊಂದು ವಿಚಾರವೂ ಬಂತು. ನಮ್ಮ ಹಳೆಯ ಕಲ್ಲಿನ ಶಾಸನಗಳಲ್ಲಿ ಅರವಟ್ಟಿಗೆಗೆ ದಾನ ಬಿಟ್ಟದ್ದನ್ನು ಕಾಣುತ್ತೇವೆ. ನಾಲ್ಕು ಕಂಬ, ಮೇಲೊಂದು ನೆರಳು, ದಾರಿಹೋಕನಿಗೆ ನೀರು. ಪಂಪೂ ಅದೇ ಅಲ್ಲವೇ? ನಾಲ್ಕು ಕಂಬ, ಮೇಲೆ ಚಾವಣಿ, ಹೋಗುವವರ ಬಾಯಾರಿಕೆ. ಅರವಟ್ಟಿಗೆ ಕಟ್ಟಿದವನು ಬಾಯಾರಿದವನ ಎತ್ತರ ನೋಡಿ ಕಟ್ಟಿದ. ನಾವು ಲಾರಿಯ ಎತ್ತರ ನೋಡಿ ಕಟ್ಟುತ್ತೇವೆ, ಅಷ್ಟೇ. ಸದ್ದೇ ಇಲ್ಲದ ಕರೆಂಟಿನ ಸ್ಕೂಟರುಗಳು ಈಗಾಗಲೇ ಹಿಂದಿನಿಂದ ಬಂದು ನನ್ನನ್ನು ಬೆಚ್ಚಿಬೀಳಿಸುತ್ತಿವೆ. ಮುಂದೊಂದು ದಿನ ಮಷೀನುಗಳು ಹೋದಾವು. ಆಗ ಉಳಿಯುವುದು ನೆರಳು ಮತ್ತು ನಡೆಯುವ ದಾರಿ. ಹಾಗಾದರೆ ಮೊದಲು ಬರೆಯಬೇಕಾದದ್ದು ಅವೆರಡನ್ನೇ ಎಂದುಕೊಂಡೆ.

ಹಾಗೆಯೇ ಬರೆದೆ. ಮಷೀನುಗಳನ್ನು ರಸ್ತೆಯ ಕಡೆಗೆ ಸರಿಸಿದೆ. ಚಾವಣಿಯನ್ನು ಲಾರಿ ನುಗ್ಗುವಷ್ಟಕ್ಕೆ ತಗ್ಗಿಸಿ, ಅಂಚಿಗೆ ಪಕ್ಕದ ಮನೆಗಳಂತೆ ಹಂಚಿನ ಇಳಿಜಾರು ಕೊಟ್ಟೆ. ದೀಪಗಳು ಮಷೀನಿಗೆ ಬೀಳಲಿ, ನೀಲವ್ವನ ಮಲಗುವ ಕೋಣೆಗೆ ಬೀಳದಿರಲಿ ಎಂದು ಕೆಳಮುಖ ಮಾಡಿದೆ. ಒಂದು ಬದಿಗೆ, ಮಷೀನುಗಳಿಂದ ದೂರ, ಗೂಟಗಲ್ಲು ನೆಟ್ಟು ನಡೆಯುವವರಿಗೆಂದೇ ಒಂದು ದಾರಿ. ಹಿಂದಿನ ಗೋಡೆಯ ಬದಲು ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ದಾರಿ ಬಂದಲ್ಲಿ ಮಾತ್ರ ಕಂಡಿ. ಸುರಕ್ಷತೆ ನೋಡುವ ಅಧಿಕಾರಿ ಬೇರೆ ಸೀಮೆಯವರು, ಮಿತಭಾಷಿ. ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, ದಾರಿಯಲ್ಲಿ ಜನ ನಡೆಯಬಹುದು, ಆದರೆ ಯಾರೂ ನಿಲ್ಲಬಾರದು, ಕೂಡಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು. ನಾನು ಆ ಸಂಜೆ ಗದಗಿನಲ್ಲಿ ಪೇಢೆ ಕೊಂಡೆ.

ಪೇಢೆ ಕೊಳ್ಳುವ ಮೊದಲು ಒಂದು ಸಂಗತಿ ಯೋಚಿಸಬೇಕಿತ್ತು. ಈ ಸೀಮೆಯಲ್ಲಿ ಹುಟ್ಟಿದವನು ಗಡಿ ಬರೆ ಎಂದರೆ ಕಟ್ಟೆ ಬರೆಯುತ್ತಾನೆ. ಈ ಸೀಮೆಯಲ್ಲಿ ಹುಟ್ಟಿದ ಉಳಿದವರೆಲ್ಲ ಕಟ್ಟೆ ಕಂಡಲ್ಲಿ ಕೂಡುತ್ತಾರೆ. ಸಿಮೆಂಟು ಆರುವ ಮೊದಲೇ ಕೂತರು. ಒಂದು ಕಡೆ ಯಾರದೋ ಪೃಷ್ಠದ ಗುರುತು ಶಾಶ್ವತವಾಗಿ ಉಳಿಯಿತು. ಬೇವಿನ ನೆರಳು, ಎದುರಿಗೆ ಹೋಗಿಬರುವ ಪೇಟೆ, ಕೂಡಲು ಹದವಾದ ಎತ್ತರ. ವಾರದೊಳಗೆ ಮುಂಜಾನೆಯ ಪೇಪರು ಓದುವವರದೊಂದು ಗುಂಪು, ಸಂಜೆಗೆ ಮಳೆಯ ವಿಚಾರ ಮಾತಾಡುವವರದೊಂದು ಗುಂಪು. ಒಬ್ಬ ಹಿರಿಯರು ಅಭ್ಯಾಸಬಲದಿಂದ ಬೀಡಿ ಕಚ್ಚಿ ಕಡ್ಡಿಪೆಟ್ಟಿಗೆಗೆ ಜೇಬು ತಡಕಿದರು. ಅದೇ ಗಳಿಗೆಗೆ ಅಧಿಕಾರಿಯ ಜೀಪು ಬಂತು. ಹಿರಿಯರ ಪಕ್ಕದಲ್ಲಿ, ಚಹಾದ ಕಪ್ಪು ಹಿಡಿದು, ಕಾಲು ಅಲ್ಲಾಡಿಸುತ್ತ ಕೂತಿದ್ದವನು ನಕ್ಷೆ ಬರೆದ ನಾನೇ.

ಅಧಿಕಾರಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹದಿನೈದು ದಿನ ಟೈಮು ಕೊಡುತ್ತೇನೆ, ಹೇಳದೆ ಬರುತ್ತೇನೆ, ಒಬ್ಬರು ಕೂತದ್ದು ಕಂಡರೂ ಮಾದರಿ ನಕ್ಷೆಯ ಗೋಡೆ ಏಳಬೇಕು ಎಂದು ಹೇಳಿ ಹೊರಟರು. ನೀಲವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು.

ದಾವಲಸಾಬ್ ಬೋರ್ಡು ಹಾಕಿದ. ಜನ ಅದಕ್ಕೆ ಚೀಲ ತೂಗುಹಾಕಿ ಕೂತರು. ಅವನು ದಿನಕ್ಕೆ ಹತ್ತು ಸಲ ಕೈಮುಗಿದು ಎಬ್ಬಿಸಿದ. ಎದ್ದವರು ಅವನಿಗೂ ಜಾಗ ಮಾಡಿಕೊಟ್ಟು ಮತ್ತೆ ಕೂತರು. ಕೊನೆಗೆ ನಾನು ಕಟ್ಟೆಯ ಮೇಲೆ ಕಬ್ಬಿಣದ ಮುಳ್ಳು ನೆಡಿಸುವ ಒಂದು ಚಿತ್ರ ಬರೆದೆ. ಅದನ್ನು ಬರೆಯುವಾಗ ನನಗೇ ನಾಚಿಕೆಯಾಯಿತು. ಕೂಡಲಿಕ್ಕೆಂದು ಹುಟ್ಟಿದ ವಸ್ತುವಿಗೆ ಮುಳ್ಳು ನೆಡುವುದಕ್ಕಿಂತ ಗೋಡೆಯೇ ಮರ್ಯಾದೆಯದು. ಚಿತ್ರವನ್ನು ಮಡಚುವಷ್ಟರಲ್ಲಿ ನೀಲವ್ವ ಅದನ್ನು ತೆಗೆದುಕೊಂಡು ನೋಡಿದಳು. ಅವಳಿಗೆ ನಕ್ಷೆ ಓದಲು ಬರುತ್ತದೆಂದು ನಾನು ಎಣಿಸಿರಲಿಲ್ಲ. ನಾಲ್ಕು ಹಳೆಯ ಸೀರೆ ನೋಡಿ ಒಂದು ಕೌದಿ ಕಾಣಬಲ್ಲವಳಿಗೆ ನನ್ನ ಗೆರೆಗಳು ಯಾವ ಲೆಕ್ಕ?

"ಮುಳ್ಳ ಯಾಕ್ರಿ? ಕಟ್ಟಿ ಮಾಡೀರಿ, ಮಂದಿ ಕುಂತಾರ. ಅವರದೇನ ತಪ್ಪೈತಿ? ಹೊಸ್ತಿಲ ಮಾಡ್ರಿ. ಹೊಸ್ತಿಲ ಮ್ಯಾಲೆ ಯಾಂವ ಕುಂಡ್ರತಾನ ನಾನೂ ನೋಡತೇನಿ."

ದಾವಲಸಾಬ್ ನನ್ನ ಮುಖ ನೋಡಿದ, ನಾನು ಅವನ ಮುಖ. ಇಬ್ಬರ ತಾಯಂದಿರೂ ಸಣ್ಣಂದಿನಲ್ಲಿ ಹೊಸ್ತಿಲ ಮೇಲೆ ಕೂತದ್ದಕ್ಕೆ ಹೊಡೆದವರೇ. ಸೋಮೇಶ್ವರನ ಗುಡಿಗೆ ಹೋಗುವವರೂ ದೂದಪೀರರ ದರ್ಗಾಕ್ಕೆ ಹೋಗುವವರೂ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ದಾಟುತ್ತಾರೆ. ಅದರ ಮೇಲೆ ಕೂತು ಪೇಪರು ಓದಿದವರನ್ನು ನಾನು ಕಂಡಿಲ್ಲ. ಇಷ್ಟು ವರ್ಷ ಸಾವಿರ ಬಾಗಿಲು ಬರೆದ ನನಗೆ ಇದು ಹೊಳೆಯಲಿಲ್ಲ. ನನ್ನ ನಕ್ಷೆಗಳಲ್ಲಿ ಹೊಸ್ತಿಲು ಎಂದರೆ ಎರಡು ಸಣ್ಣ ಗೆರೆ.

ಮೂರು ದಿನದಲ್ಲಿ ಕಟ್ಟೆ ಒಡೆದೆವು. ಅದೇ ಕಲ್ಲನ್ನು ಗೇಣಿಗಿಂತ ತಗ್ಗಿಗೆ ಇಳಿಸಿ, ಓಣಿಯ ಬಾಯಿ ತುಂಬ ಒಂದು ಉದ್ದನೆಯ ಹೊಸ್ತಿಲು ಹಾಕಿದೆವು. ಎರಡೂ ತುದಿಗೆ ಎರಡು ಗಿಡ್ಡ ಕಂಬ. ಬಾಗಿಲಿಲ್ಲ. ನೀಲವ್ವ ಅರಿಷಿಣ ಹಚ್ಚಿ ಕುಂಕುಮವಿಟ್ಟಳು. ದಾವಲಸಾಬನ ಹೆಂಡತಿ ಬಂದು ಒಂದು ತುದಿಗೆ ಮಲ್ಲಿಗೆಯ ಎಸಳು ಇಟ್ಟು ಹೋದರು. ಮಾರನೆಯ ದಿನ ಪೇಪರಿನ ಗುಂಪು ಬಂತು, ಕಲ್ಲು ನೋಡಿತು, ಸ್ವಲ್ಪ ಹೊತ್ತು ನಿಂತಿತು, ಆಮೇಲೆ ರಸ್ತೆಯಾಚೆಯ ಚಹಾ ಅಂಗಡಿಗೆ ಹೋಯಿತು. ಬೀಡಿಯ ಹಿರಿಯರು ಓಣಿಯಿಂದ ಬರುತ್ತ, ಹೊಸ್ತಿಲಿಗೆ ಎರಡು ಹೆಜ್ಜೆ ಇರುವಾಗಲೇ ಬೀಡಿ ನೆಲಕ್ಕೆ ಹಾಕಿ ತುಳಿದರು. ಓಣಿಯಿಂದ ಅಡ್ಡ ನುಗ್ಗುತ್ತಿದ್ದ ಬೈಕುಗಳು ಕೂಡ ಹೊರಳಿ ಸುತ್ತು ಹಾಕತೊಡಗಿದವು. ಒಂದಿಬ್ಬರು ಚಪ್ಪಲಿಯನ್ನೂ ಕಳಚಿದರು. ಅವರಿಗೆ, ಬೇಡ, ಇದು ಪಂಪು ಎಂದು ತಿಳಿಹೇಳಬೇಕಾಯಿತು.

ಆದರೂ ನಾನು ದಿನಾ ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ ಹೋಗಿ ಕಾವಲು ನಿಂತೆ. ಹದಿನೈದು ದಿನದ ಮೇಲೆ ಇನ್ನೂ ಎರಡು ದಿನ ಕಳೆದು, ಅಧಿಕಾರಿ ಬಂದರು. ಈ ಸಲ ಜೀಪನ್ನು ದೂರ ಬಿಟ್ಟು, ಓಣಿಯ ಒಳಗಿನಿಂದ ನಡೆದು ಬಂದರು, ಕಳ್ಳತನ ಹಿಡಿಯುವವರಂತೆ. ಕೌದಿಯ ಗಂಟು ಹಿಡಿದು ನೀಲವ್ವ ಅವರ ಮುಂದೆಯೇ ಹೊರಟಿದ್ದಳು. ಹೊಸ್ತಿಲ ಹತ್ತಿರ ಬಂದು, ಕಂಬಕ್ಕೆ ಕೈಕೊಟ್ಟು, ಮೊಣಕಾಲು ಎತ್ತಿ, ನಿಧಾನವಾಗಿ ದಾಟಿದಳು. ಅಧಿಕಾರಿ ಅವಳು ದಾಟುವವರೆಗೆ ನಿಂತರು. ಆಮೇಲೆ, ಫೈಲನ್ನು ಎಡಗೈಗೆ ಬದಲಿಸಿ, ಕಲ್ಲನ್ನು ತುಳಿಯದಂತೆ, ಬಲಗಾಲು ಮುಂದಿಟ್ಟು ತಾವೂ ದಾಟಿದರು. ಹಾಗೆ ದಾಟಿದ್ದು ಅವರಿಗೇ ಗೊತ್ತಾಗಲಿಲ್ಲ.

ಅವರು ಅರ್ಧ ತಾಸು ಅಲ್ಲಿ ಇಲ್ಲಿ ನೋಡಿದರು. ಯಾರೂ ಕೂಡಲಿಲ್ಲ. ಕೊನೆಗೆ ಗೋಡೆ ಬೇಡ ಎಂದು ಬರೆದುಕೊಂಡರು. ನೀಲವ್ವ ಅದನ್ನು ಕೇಳಲು ನಿಂತಿರಲಿಲ್ಲ. ಪೇಟೆಯಲ್ಲಿ ಯಾರದೋ ಪಡಸಾಲೆಯಲ್ಲಿ ಆಗಲೇ ದಾರ ಪೋಣಿಸುತ್ತಿದ್ದಳು. ಸುದ್ದಿ ಹೇಳಲು ನಾನೇ ಅಲ್ಲಿಗೆ ಹೋದೆ. ಅವಳು ತಲೆ ಎತ್ತದೆ, ಆತು ಬಿಡ್ರಿ ಎಂದಳು.

ಈಗ ಒಂದೇ ಕೆಲಸ ಉಳಿದಿದೆ. ಕಟ್ಟಿದಂತೆ ನಕ್ಷೆಯನ್ನು ತಿದ್ದಿ ಕಳಿಸಬೇಕು. ಹೊಸ್ತಿಲು ಬರೆದರೆ ಒಳಗೆ ಹೋಗುವ ದಿಕ್ಕಿಗೆ ಒಂದು ಬಾಣ ಹಾಕುವುದು ನಮ್ಮ ಕಸುಬಿನ ನಿಯಮ. ಪಂಪಿಗೆ ಹೋಗುವುದು ಒಳಗೋ, ಓಣಿಗೆ ಹೋಗುವುದು ಒಳಗೋ? ದಾವಲಸಾಬನನ್ನು ಕೇಳಿದರೆ, ಓಣಿಯವರ ಮನೆಗೆ ಹೋಗುವ ಬಾಗಿಲು ಇದು, ಓಣಿಯೇ ಒಳಗು ಎಂದ. ನೀಲವ್ವನನ್ನು ಕೇಳಿದರೆ, ಸಾಬರ ಜಾಗಕ್ಕೆ ಕಾಲಿಡುತ್ತೇವೆ, ಪಂಪೇ ಒಳಗು ಎಂದಳು. ನಾನು ಎರಡೂ ಕಡೆಗೆ ಬಾಣ ಹಾಕಿ ಕಳಿಸಿದೆ. ಒಂದು ಬಾಣ ತಪ್ಪಾಗಿದೆ, ಸರಿಪಡಿಸಿ ಎಂದು ಬರೆದು ಕಂಪನಿಯವರು ನಕ್ಷೆಯನ್ನು ಮರಳಿಸಿದ್ದಾರೆ. ಅದು ನನ್ನ ಟೇಬಲ್ಲಿನ ಮೇಲೆ ಬಿದ್ದು ತಿಂಗಳಾಯಿತು. ಯಾವುದು ತಪ್ಪು ಎಂದು ಅವರು ಬರೆದಿಲ್ಲ. ನನಗೂ ಅದರ ಬಗ್ಗೆ, ನಂಬುತ್ತೀರೋ ಇಲ್ಲವೋ, ಒಂದಿಷ್ಟೂ ಚಿಂತೆಯಾಗಿಲ್ಲ.