ಬಾಗಿಲ ಮೇಲಿನ ಬಕ್ ಸ್ಕ್ರಾಗಿನ್ಸ್

ನಮ್ಮ ಕಡೆ ಮನುಷ್ಯರ ಮುಖಕ್ಕಿಂತ ಮೊದಲು ಅವರ ಪಿಕಪ್ಪಿನ ಗುರುತು ಸಿಗುತ್ತದೆ. ದೂರದಲ್ಲಿ ಧೂಳೆದ್ದರೆ ಸಾಕು, ಬರುತ್ತಿರುವವರು ಯಾರು, ಹಿಂದೆ ಹುಲ್ಲಿನ ಪಿಂಡಿ ಇದೆಯೋ ಕರು ಇದೆಯೋ ಎಂದು ಅಂಗಡಿ ಬಾಗಿಲಲ್ಲಿ ನಿಂತೇ ಹೇಳಿಬಿಡಬಹುದು. ಒಲೀಟಾ ಸ್ಕ್ರಾಗಿನ್ಸ್‌ಗೆ ಇದೇ ದೊಡ್ಡ ತಲೆನೋವಾಗಿತ್ತು. ಅವಳು ಓಡಿಸುತ್ತಿದ್ದ ಹಳೇ ಷೆವರ್ಲೆಯ ಎರಡೂ ಬಾಗಿಲ ಮೇಲೆ ಅವಳ ಗಂಡನಾಗಿದ್ದವನ ಹೆಸರು ಮೊಳದುದ್ದದ ಕೆಂಪು ಅಕ್ಷರಗಳಲ್ಲಿ ಇತ್ತು: ‘ಬಕ್ ಸ್ಕ್ರಾಗಿನ್ಸ್. ಕೊಳವೆ ಬಾವಿ ಕೊರೆಯುತ್ತೇವೆ. ನೀರು ಖಾತ್ರಿ.’

ನೀರು ಖಾತ್ರಿಯೇನೂ ಇರಲಿಲ್ಲ. ನಮ್ಮೂರು ಟಲ್ಲಿವಿಲ್‌ನ ಸುತ್ತಲಿನ ಗುಡ್ಡಗಳಲ್ಲಿ ಬಕ್ ತೋಡಿದ ತೂತುಗಳಿಗೆ ಲೆಕ್ಕವಿಲ್ಲ, ನೀರು ಬಂದದ್ದು ಕೆಲವಕ್ಕೆ ಮಾತ್ರ. ಅರ್ಧ ಕೊರೆದು ‘ಸೋಮವಾರ ಬರ್ತೀನಿ’ ಎಂದು ಹೋದವನು ಒಂದು ದಿನ ಯಂತ್ರವನ್ನೂ ಕಟ್ಟಿಕೊಂಡು ಟೆಕ್ಸಾಸ್‌ಗೇ ಹೊರಟುಹೋದ. ವಿಚ್ಛೇದನದಲ್ಲಿ ಒಲೀಟಾಳ ಪಾಲಿಗೆ ಮನೆ, ಮನೆಯ ಪಕ್ಕದ ತಗಡಿನ ಶೆಡ್ಡು, ಆ ಪಿಕಪ್ಪು ಬಂದವು. ಜೊತೆಗೆ ಊರಿನವರ ಸಿಟ್ಟೂ ಬಂತು.

ನನ್ನ ದನದ ಮೇವಿನ ಅಂಗಡಿ ಅವಳ ಶೆಡ್ಡಿಗೆ ಎದುರೇ ಇದ್ದುದರಿಂದ ಇದನ್ನೆಲ್ಲ ನಾನು ಕಣ್ಣಾರೆ ಕಂಡವನು. ಒಲೀಟಾ ಅಳುವ ಪೈಕಿ ಅಲ್ಲ. ಅವಳಮ್ಮ ಊರಿಗೆಲ್ಲ ಕೌದಿ ಹೊಲಿದುಕೊಟ್ಟವಳು. ಮಗಳು ಜೀನ್ಸ್ ಕಾರ್ಖಾನೆಯಲ್ಲಿ ಜೇಬು ಹೊಲಿಯುತ್ತ ಅದು ಮುಚ್ಚುವವರೆಗೂ ದುಡಿದವಳು. ಬಕ್ ಹೋದ ಮೇಲೆ ಅವಳು ಶೆಡ್ಡಿನಲ್ಲಿ ದೊಡ್ಡ ಹೊಲಿಗೆ ಯಂತ್ರ ಇಟ್ಟುಕೊಂಡು ಸೀಟು ಕಟ್ಟುವ ಕೆಲಸ ಶುರುಮಾಡಿದಳು. ಟ್ರ್ಯಾಕ್ಟರ್ ಸೀಟು, ದೋಣಿಯ ಸೀಟು, ಕ್ಷೌರಿಕನ ಕುರ್ಚಿ, ಹರಿದದ್ದು ಯಾವುದಾದರೂ ಸರಿ. ಬಾಯಿಯಲ್ಲಿ ಹತ್ತಾರು ಪುಟ್ಟ ಮೊಳೆ ಇಟ್ಟುಕೊಂಡು, ನಾಲಿಗೆಯಿಂದ ಒಂದೊಂದನ್ನೇ ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿಕೊಂಡು ಟಕ್ಕನೆ ಹೊಡೆಯುತ್ತಿದ್ದಳು. ಆ ಮೊಳೆಗಳ ನಡುವೆಯೇ ಮಾತೂ ಆಡುತ್ತಿದ್ದಳು, ನಾವು ಅರ್ಥಮಾಡಿಕೊಳ್ಳಲು ಕಲಿತಿದ್ದೆವು.

ಆದರೆ ಸಿದ್ಧವಾದ ಸೀಟು ಮುಟ್ಟಿಸಲು ಪಿಕಪ್ಪು ತೆಗೆದರೆ ಸಾಕು, ಪೆಟ್ರೋಲ್ ಬಂಕಿನಲ್ಲಿ ಒಬ್ಬ, ಅಂಚೆ ಕಚೇರಿಯ ಮುಂದೆ ಇನ್ನೊಬ್ಬ ಅಡ್ಡ ನಿಲ್ಲುತ್ತಿದ್ದರು.

“ಬಕ್ ಯಾವಾಗ ಬರ್ತಾನಮ್ಮಾ? ನಮ್ಮ ಅಂಗಳದಲ್ಲಿ ತೂತು ಹಾಗೇ ಬಾಯಿ ಬಿಟ್ಕೊಂಡಿದೆ.”

“ನನ್ನ ಗಂಡ ಅಲ್ಲ ಈಗ ಅವನು.”

“ಗಾಡಿ ಮೇಲೆ ಹೆಸರಿದೆಯಲ್ಲ!”

ಹೊಸ ಗಿರಾಕಿಗಳು ಬಾಗಿಲ ಹೆಸರು ಓದಿ, ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಹೋಗುತ್ತಿದ್ದುದೂ ಉಂಟು. ಕೊನೆಗೆ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಒಲೀಟಾ ನನ್ನ ಅಂಗಡಿಗೆ ಬಂದು ಬೇಲಿಗೆ ಹಚ್ಚುವ ಬಿಳಿ ಬಣ್ಣದ ಡಬ್ಬಿಯೊಂದನ್ನು ಒಯ್ದಳು. ಮಧ್ಯಾಹ್ನದೊಳಗೆ ಎರಡೂ ಬಾಗಿಲು ಬೆಳ್ಳಗಾದವು. ಮರುದಿನ ಇಬ್ಬನಿ ಒಣಗುವ ಹೊತ್ತಿಗೆ ಬೂದಿ ಮುಚ್ಚಿದ ಕೆಂಡದಂತೆ ಅಕ್ಷರಗಳೆಲ್ಲ ಮೇಲೆದ್ದು ಕೂತಿದ್ದವು. ಮೊದಲು ಬರೀ ಬಕ್ ಇದ್ದವನು ಈಗ ಬಕ್‌ನ ದೆವ್ವವಾಗಿದ್ದ.

ಅವಳು ನೇರ ಡೆಲ್ಬರ್ಟ್ ಯೋಕಮ್ ಹತ್ತಿರ ಹೋದಳು. ಡೆಲ್ಬರ್ಟ್ ಮನೆಯ ಹಿಂದೆ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದವನು, ಅವಳ ಜೊತೆ ಒಂದೇ ಶಾಲೆಯಲ್ಲಿ ಓದಿದವನು. ಅವನು ಪಿಕಪ್ಪಿಗೆ ಒಂದು ಸುತ್ತು ಹಾಕಿ, ಬಾಗಿಲ ಮೇಲೆ ಬೆರಳಾಡಿಸಿ, ಜೋರಾಗಿ ನಕ್ಕ.

“ಬೇಲಿ ಬಣ್ಣ ಬಳಿದಿದ್ದೀಯಲ್ಲೇ! ಹಂದಿಗೆ ಪೌಡರ್ ಹಚ್ಚಿದ ಹಾಗಿದೆ.”

“ನಗೋದು ಆಮೇಲೆ ನಗು. ಎಷ್ಟಾಗತ್ತೆ ಹೇಳು.”

ಅವನು ಹೇಳಿದ. ಅವಳು ಪಿಕಪ್ಪಿನ ಕಡೆ ನೋಡಿದಳು, ಅವನ ಕಡೆ ನೋಡಿದಳು. “ಅಷ್ಟಕ್ಕೆ ಗಾಡೀನೇ ಕೊಟ್ಬಿಡ್ತೀನಿ ತಗೋ.”

“ಬಣ್ಣಕ್ಕಲ್ಲ ಕಣೇ ದುಡ್ಡು, ಉಜ್ಜೋದಕ್ಕೆ. ತುಕ್ಕು ಕೆರೀಬೇಕು, ತಗ್ಗಿಗೆ ಪುಟ್ಟಿ ತುಂಬಬೇಕು, ಆ ಅಕ್ಷರ ತಗಡು ಕಾಣೋವರೆಗೂ ತೆಗೀಬೇಕು. ಬಣ್ಣ ಹೊಡೆಯೋದು ಒಂದು ಮಧ್ಯಾಹ್ನದ ಕೆಲಸ.”

“ಹಾಗಾದ್ರೆ ಉಜ್ಜೋದು ನಾನು, ಹೊಡೆಯೋದು ನೀನು. ಮನೇಲಿ ನೀನು ಕೂತ್ಕೊಳ್ಳೋ ಕುರ್ಚಿ ಹೇಗಿದೆ?”

ಡೆಲ್ಬರ್ಟ್ ತಲೆ ಕೆರೆದುಕೊಂಡ. ಅವನ ಒರಗುಕುರ್ಚಿಯಿಂದ ಸ್ಪ್ರಿಂಗೊಂದು ಹೊರಬಂದು ವರ್ಷವಾಗಿತ್ತು. ಅವನು ಒಂದು ಕಡೆಗೆ ವಾಲಿಕೊಂಡೇ ಟೀವಿ ನೋಡುತ್ತಿದ್ದುದು ಊರಿಗೇ ಗೊತ್ತು. “ಕಚ್ಚತ್ತೆ,” ಅಂದ.

“ಕಚ್ಚದ ಹಾಗೆ ಮಾಡಿಕೊಡ್ತೀನಿ. ನಿನ್ನ ಗಾಡಿ ಸೀಟೂ ಹೊಸದು ಮಾಡ್ತೀನಿ.”

ಒಪ್ಪಂದ ಅಲ್ಲೇ ಆಯಿತು. ಬಣ್ಣಕ್ಕೂ ಡೆಲ್ಬರ್ಟ್ ದಾರಿ ತೋರಿಸಿದ. ಅವನ ಕಪಾಟಿನಲ್ಲಿ ಯಾರಿಗೋ ಕಲಸಿ ತಪ್ಪಾದ ಬಣ್ಣವೊಂದಿತ್ತು. ಹಲ್ಲಿನ ಡಾಕ್ಟರೊಬ್ಬರು ದೋಣಿಗೆ ಆಕಾಶನೀಲಿ ಕೇಳಿದ್ದರಂತೆ. ಡಬ್ಬಿಯಲ್ಲಿ ಆದದ್ದೇ ಬೇರೆ: ನವಿಲಿನ ಕತ್ತಿನ ಬಣ್ಣವನ್ನು ಹಾಲಿನಲ್ಲಿ ಕಲಸಿದಂತೆ, ನೀಲಿಯೂ ಅಲ್ಲ, ಹಸಿರೂ ಅಲ್ಲ. ಡಾಕ್ಟರು ಬೇಡವೆಂದಿದ್ದರು. ಒಲೀಟಾ ಕೋಲಿನಿಂದ ಕಲಕಿ, ಎತ್ತಿ ಬೆಳಕಿಗೆ ಹಿಡಿದು, “ಇದೇ ಇರಲಿ. ಈ ಬಣ್ಣದ ಗಾಡಿ ಈ ಜಿಲ್ಲೇಲಿ ಇನ್ನೊಂದು ಇರಲ್ಲ,” ಎಂದಳು.

ಮರುದಿನದಿಂದ ಉಜ್ಜಾಟ. ಕನ್ನಡಿ, ದೀಪ, ಬಂಪರ್ ಎಲ್ಲ ಬಿಚ್ಚಿ ಪಕ್ಕಕ್ಕಿಟ್ಟು, ಬಕೆಟ್ಟಿನಲ್ಲಿ ನೀರು, ಮರದ ತುಂಡಿಗೆ ಸುತ್ತಿದ ಉಪ್ಪುಕಾಗದ ಹಿಡಿದು ಅವಳು ಶೆಡ್ಡಿನ ಮುಂದೆ ಕೂತುಬಿಟ್ಟಳು. ಬೆಳಿಗ್ಗೆ ಸೀಟಿನ ಕೆಲಸ, ಊಟವಾದ ಮೇಲೆ ಪಿಕಪ್ಪಿನ ಕೆಲಸ. ತಗಡು ಉಜ್ಜುವ ಕರಕರ ಸದ್ದಿಗೆ ನನ್ನ ಅಂಗಡಿಯ ಬೆಕ್ಕು ಹಿತ್ತಿಲಿಗೆ ವಾಸ ಬದಲಿಸಿತು.

ಹೈನಿನ ಕ್ಲಾಯ್ಸ್ ಮಾಪಿನ್ ಬಂದದ್ದು ಅಂಥ ಒಂದು ಮಧ್ಯಾಹ್ನ. ಅವನು ನನ್ನ ಅಂಗಡಿಗೆ ಹಿಂಡಿ ಮೂಟೆಗೆ ಬಂದವನು, ರಸ್ತೆಯಾಚೆ ಬಕ್‌ನ ಹೆಸರು ಕಂಡದ್ದೇ ಹಿಂಡಿ ಮರೆತ. ಬಕ್ ಮುಚ್ಚದೆ ಬಿಟ್ಟುಹೋದ ಗುಂಡಿಯಲ್ಲಿ ಕ್ಲಾಯ್ಸ್‌ನ ಹಾಲು ಕೊಡುವ ಹಸುವಿನ ಕಾಲು ಮುರಿದಿತ್ತು. ದಪ್ಪ ಹೆಜ್ಜೆ ಹಾಕುತ್ತ ಹೋಗಿ ಒಲೀಟಾಳ ಮುಂದೆ ನಿಂತ. ಗಲಾಟೆಯಾದೀತೆಂದು ನಾನೂ ಹಿಂದೆಯೇ ಓಡಿದೆ.

“ಎಲ್ಲಮ್ಮಾ ಅವನು? ನನ್ನ ಹಸು...”

ಒಲೀಟಾ ಹಣೆಯ ಬೆವರು ಒರೆಸಿಕೊಂಡಳು. “ಇಲ್ಲೇ ಇದಾನಲ್ಲ ನೋಡಿ,” ಎಂದು ಬಾಗಿಲು ತೋರಿಸಿದಳು. “ನಾನೂ ಅವನನ್ನ ತೊಲಗಿಸೋಕೇ ನೋಡ್ತಿದೀನಿ. ಕೈ ಹಾಕ್ತೀರಾ?” ಎಂದು ಇನ್ನೊಂದು ಉಪ್ಪುಕಾಗದದ ತುಂಡು ಮುಂದೆ ಹಿಡಿದಳು.

ಕ್ಲಾಯ್ಸ್ ಅದನ್ನು ನೋಡಿದ. ಟೋಪಿ ತೆಗೆದು ಬೇಲಿಯ ಕಂಬಕ್ಕೆ ನೇತುಹಾಕಿ, ತೋಳು ಮಡಿಸಿ, ಬಕ್‌ನ ಮೊದಲ ಅಕ್ಷರದ ಮುಂದೆ ಕೂತ. ಅಂಥ ಉಜ್ಜಾಟ ನಾನು ಕಂಡಿಲ್ಲ. “ಇದು ಹಸುವಿಗೆ,” ಎನ್ನುವನು, ಉಜ್ಜುವನು. “ಇದು ದನದ ಡಾಕ್ಟರಿಗೆ ಫೋನ್ ಮಾಡೋಕೆ ಹೋಗಿ ಕೆಸರಲ್ಲಿ ಬಿದ್ನಲ್ಲ, ಅದಕ್ಕೆ.” ಹೊತ್ತು ಇಳಿಯುವಾಗ ಆ ಅಕ್ಷರವಿದ್ದ ಕಡೆ ತಗಡು ಬೆಳ್ಳಿಯಂತೆ ಹೊಳೆಯುತ್ತಿತ್ತು. ಕ್ಲಾಯ್ಸ್ ಬೆವರಿ ತೊಪ್ಪೆಯಾಗಿದ್ದ, ಮುಖ ಮಾತ್ರ ಈಸ್ಟರ್ ಹಬ್ಬದ ದಿನದ ಹಾಗೆ ತಿಳಿಯಾಗಿತ್ತು.

“ಉಳಿದದ್ದು ಬೇರೆಯವರಿಗೆ ಇಟ್ಟಿರು ತಾಯೀ,” ಎಂದು ಹೇಳಿ, ಹಿಂಡಿ ಮೂಟೆ ಹೊತ್ತು ಹೋದ.

ಕ್ಲಾಯ್ಸ್ ಹಾಲಿನ ಜೊತೆ ಸುದ್ದಿಯನ್ನೂ ಮನೆಮನೆಗೆ ಹಂಚಿರಬೇಕು. ಮರುದಿನ ನಿವೃತ್ತ ಟೀಚರಮ್ಮ ನೇಡೀನ್ ಪರ್ಸೆಲ್ ಮನೆಯಿಂದಲೇ ರಬ್ಬರ್ ಕೈಗವಸು ತೊಟ್ಟು ಬಂದರು. ಬಕ್ ಕೊರೆದ ಅವರ ಬಾವಿಯಲ್ಲಿ ನೀರೇನೋ ಬಂದಿತ್ತು, ಆದರೆ ಕೊಳೆತ ಮೊಟ್ಟೆಯ ವಾಸನೆ. ಆ ನೀರಲ್ಲಿ ಕಾಫಿ ಮಾಡಿದರೆ ನೆಂಟರು ಎರಡನೇ ಸಲ ಬರುತ್ತಿರಲಿಲ್ಲ.

“ಅವನಿಗೆ ಅಕ್ಷರ ಕಲಿಸಿದ್ದು ನಾನೇ,” ಎಂದರು ಟೀಚರಮ್ಮ, ಕುರ್ಚಿ ಎಳೆದುಕೊಂಡು ಕೂತು. “ಅಳಿಸೋ ಹಕ್ಕೂ ನಂದೇ.”

ಆಮೇಲೆ ಬಂದವರಲ್ಲಿ ಪಾದ್ರಿ ಹಾಲ್ವರ್ಟ್ ಕೂಡ ಇದ್ದರು. ಇಗರ್ಜಿಯ ಹಿಂದೆ ಬಕ್ ಕೊರೆದದ್ದು ಒಣ ಬಾವಿ. ಪಾದ್ರಿಗಳು ಉಪ್ಪುಕಾಗದ ಹಿಡಿದು ಅನುಮಾನಿಸುತ್ತ ನಿಂತರು.

“ಕ್ಷಮಿಸೋದು ನನ್ನ ಕೆಲಸ ಒಲೀಟಾ. ಇದು ಸರಿಯೋ ಏನೋ.”

“ಕ್ಷಮಿಸ್ತಾನೇ ಉಜ್ಜಿ ಪಾದ್ರಿಗಳೇ, ಯಾರು ಬೇಡ ಅಂದ್ರು?” ಎಂದಳು ಒಲೀಟಾ ಮೊಳೆಗಳ ನಡುವಿನಿಂದ. ಪಾದ್ರಿಗಳು ಮನಬಿಚ್ಚಿ ನಕ್ಕು ‘ಖಾತ್ರಿ’ಯ ಕಡೆಯಿಂದ ಶುರುಮಾಡಿದರು.

ಹೆಸರು ಮುಗಿದ ಮೇಲೂ ಜನ ಬರುವುದು ನಿಲ್ಲಲಿಲ್ಲ. ಬಾಗಿಲಲ್ಲಿ ಜಾಗವಿಲ್ಲದವರು ಚಾವಣಿ ಉಜ್ಜಿದರು, ಮಡ್‌ಗಾರ್ಡ್ ಉಜ್ಜಿದರು. ಬರುವಾಗ ಒಬ್ಬರು ಹುರಿದ ಕೋಳಿ ತಂದರು, ಇನ್ನೊಬ್ಬರು ಪೀಚ್ ಹಣ್ಣಿನ ಪೈ. ಒಂದು ತಿಂಗಳು ಹಿಡಿಯಬಹುದೆಂದುಕೊಂಡಿದ್ದ ಕೆಲಸ ಬಹಳ ಬೇಗ ಮುಗಿಯಿತು. ಬಂದವರು ಸುಮ್ಮನೆ ಉಜ್ಜಿ ಹೋಗಲಿಲ್ಲ, ಶೆಡ್ಡಿನೊಳಗೂ ಇಣುಕಿದರು. ಅವಳು ಕಟ್ಟಿದ ಸೀಟು ಒತ್ತಿ ನೋಡಿದರು, ಹೊಲಿಗೆ ಎಳೆದು ನೋಡಿದರು. “ಬಕ್ ಹೆಂಡತಿ ಇಂಥ ಕೆಲಸ ಮಾಡ್ತಾಳೆ ಅಂತ ಗೊತ್ತೇ ಇರಲಿಲ್ಲ,” ಎಂದು ಒಬ್ಬ ಅಂದಾಗ ಟೀಚರಮ್ಮ ತಿರುಗಿ, “ಒಲೀಟಾ ಅನ್ನು. ಹೆಸರಿದೆ ಅವಳಿಗೆ,” ಎಂದು ಗದರಿದರು.

ಬಣ್ಣ ಹೊಡೆಯುವ ದಿನಕ್ಕೆ ಗಾಳಿ ಅಡ್ಡ ಬಂತು. ನಮ್ಮ ಕಡೆ ಏಪ್ರಿಲ್ ಗಾಳಿಗೆ ಕೋಳಿಗಳೂ ಹಾರುತ್ತವೆ. ಡೆಲ್ಬರ್ಟ್ ದಿನವೂ ಬೆಳಿಗ್ಗೆ ಬೆರಳು ಎಂಜಲು ಮಾಡಿ ಎತ್ತಿ ಹಿಡಿದು, ತಲೆಯಾಡಿಸಿ, ಒಳಗೆ ಹೋಗಿ ಹೊಸ ಕುರ್ಚಿಯಲ್ಲಿ ಒರಗುತ್ತಿದ್ದ.

“ನಿನಗೆ ಕುರ್ಚಿ ಮೊದಲೇ ಮಾಡಿಕೊಟ್ಟಿದ್ದೇ ತಪ್ಪಾಯ್ತು,” ಎಂದು ಒಲೀಟಾ ಫೋನಿನಲ್ಲಿ ರೇಗಿದಳು.

“ಗಾಳಿ ನಾನು ಬಿಡ್ತಿದೀನೇನೇ?”

ಕೊನೆಗೊಂದು ದಿನ ಗಾಳಿ ನಿಂತಿತು. ಡೆಲ್ಬರ್ಟ್ ತನ್ನ ಶೆಡ್ಡಿನ ನೆಲಕ್ಕೆಲ್ಲ ನೀರು ಚಿಮುಕಿಸಿ ಧೂಳು ಅಡಗಿಸಿದ. ಒಲೀಟಾ ಗಾಜುಗಳಿಗೆ ಹಳೇ ಪೇಪರು ಅಂಟಿಸಿದಳು. ಕಂಪ್ರೆಸರ್ ಗುಡುಗತೊಡಗಿತು, ಮೊದಲು ತಳಕ್ಕೆ ಬೂದು ಪ್ರೈಮರ್, ಅದು ಒಣಗಿದ ಮೇಲೆ ಆ ಹೆಸರಿಲ್ಲದ ಬಣ್ಣ. ಬಾನೆಟ್ಟು, ಚಾವಣಿ, ಬಾಗಿಲು, ಪಕ್ಕದ ಹಲಗೆಗಳು, ಮಂಜು ಕವಿದಂತೆ ಬಣ್ಣ ಮೆಲ್ಲಗೆ ಕವಿಯುತ್ತ ಬಂತು. ಇನ್ನೇನು ಹಿಂದೆ ಸಾಮಾನು ಇಳಿಸುವ ಹಲಗೆಬಾಗಿಲೊಂದೇ ಉಳಿದಿದೆ ಎನ್ನುವಾಗ, ಬಣ್ಣ ಚಿಮ್ಮುವ ಗನ್ನು ಪುಸ್ ಎಂದು ಉಗುಳಿ ಸುಮ್ಮನಾಯಿತು. ಡಬ್ಬಿ ಖಾಲಿ.

ಡೆಲ್ಬರ್ಟ್ ಮುಖವಾಡ ಕೆಳಗೆಳೆದು ಡಬ್ಬಿಯೊಳಗೆ ನೋಡಿದ. ಅವನ ಮುಖ ಸಣ್ಣದಾಯಿತು. “ಹೋಯ್ತಲ್ಲೇ. ತಪ್ಪಿ ಆದ ಬಣ್ಣ ಇದು. ಮತ್ತೆ ಕಲಸು ಅಂದ್ರೆ ದೇವರಿಗೂ ಬರಲ್ಲ.”

ಒಲೀಟಾ ಗಾಡಿಯ ಹಿಂದಕ್ಕೆ ಹೋಗಿ ನೋಡಿದಳು. ಬೂದು ಬಣ್ಣದ ಆ ಹಲಗೆ ಹೊಸ ಅಂಗಿಗೆ ಹಾಕಿದ ಹಳೇ ತೇಪೆಯಂತೆ ಕಾಣುತ್ತಿತ್ತು. ಇಷ್ಟು ಮಾಡಿ ಇಲ್ಲಿಗೆ ಬಂದು ನಿಂತಿತಲ್ಲ ಎಂದು, ಅಂಗಡಿ ಮುಚ್ಚಿ ನೋಡಲು ಹೋಗಿದ್ದ ನಾನೇ ಪೇಚಾಡಿಕೊಂಡೆ. ಅವಳು ಮಾತ್ರ ಕಪಾಟಿನ ಹತ್ತಿರ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ಅಲ್ಲಾಡಿಸತೊಡಗಿದಳು.

“ಇದೇನು?”

“ಟ್ರ್ಯಾಕ್ಟರ್ ಕೆಂಪು.”

“ಹೊಡಿ.”

“ಹುಚ್ಚಾ ನಿನಗೆ? ಮುಂದೆ ಒಂದು ಬಣ್ಣ, ಹಿಂದೆ ಒಂದು ಬಣ್ಣ?”

“ಸೋಫಾ ಹೊಲಿಯುವಾಗ ಬಟ್ಟೆ ಸಾಲದಿದ್ರೆ ನಾನು ಹಿಂಬದಿಗೆ ಬೇರೆ ಬಟ್ಟೆ ಹಾಕ್ತೀನಿ. ಬೇಕೂಂತಲೇ ಹಾಕಿದ ಹಾಗೆ ಹಾಕಬೇಕು, ಅಷ್ಟೇ. ಅಂಚು ನೆಟ್ಟಗಿರಲಿ, ಯಾರೂ ಕೇಳಲ್ಲ. ಹೊಡಿ ಡೆಲ್ಬರ್ಟ್.”

ಡೆಲ್ಬರ್ಟ್ ಗೊಣಗುತ್ತಲೇ ಹೊಡೆದ. ಗೊಣಗಿದರೂ ಅಂಚು ಮಾತ್ರ ನೂಲು ಹಿಡಿದಂತೆ ನೆಟ್ಟಗಿತ್ತು. ಮರುದಿನ ಪೇಪರು ಕಿತ್ತು ಗಾಡಿಯನ್ನು ಬಿಸಿಲಿಗೆ ತಂದಾಗ ಅವನೇ ನಾಲ್ಕು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನಿಂತ.

“ನಾನೇ ಯೋಚನೆ ಮಾಡಿದ್ದು ಅಂತ ಹೇಳ್ಲಾ ಜನಕ್ಕೆ?”

“ಕುರ್ಚಿ ವಾಪಸ್ ಕೊಟ್ಟು ಹೇಳು.”

ಬೇಸಿಗೆ ಮುಗಿಯುವ ಹೊತ್ತಿಗೆ ಸುದ್ದಿ ಟೆಕ್ಸಾಸ್‌ವರೆಗೂ ಹೋಗಿತ್ತು. ಆ ದಿನ ಒಲೀಟಾ ನನ್ನ ಅಂಗಡಿಯಲ್ಲಿ ಟ್ರ್ಯಾಕ್ಟರ್ ಸೀಟಿನ ಅಳತೆ ತೆಗೆಯುತ್ತಿದ್ದಳು. ಫೋನ್ ಬಂತು. ಮನೆಯಲ್ಲಿ ಅವಳು ಸಿಗದೆ ಬಕ್ ನನ್ನಲ್ಲಿಗೆ ಮಾಡಿದ್ದ. ಅವನ ದನಿ ಅಷ್ಟು ದೊಡ್ಡದು, ರಿಸೀವರ್ ಅವಳ ಕಿವಿಯಲ್ಲಿದ್ದರೂ ಮಾತು ನನಗೇ ಕೇಳಿಸುತ್ತಿತ್ತು.

“ನನ್ನ ಹೆಸರು ಅಳಿಸಿದೆಯಂತೆ! ಹನ್ನೆರಡು ವರ್ಷದ ಹೆಸರು ಅದು!”

“ನಾನೊಬ್ಬಳೇ ಅಳಿಸಿದ್ದಲ್ಲ ಬಕ್,” ಎಂದಳು ಒಲೀಟಾ, ಅಳತೆ ಪಟ್ಟಿಯನ್ನು ಸುತ್ತುತ್ತ. “ಊರೇ ಬಂದು ಅಳಿಸ್ತು. ಸರದಿ ನಿಂತಿದ್ರು.”

ಬಕ್‌ನ ದೊಡ್ಡ ದನಿ ಅಲ್ಲಿಗೆ ಇಳಿಯಿತು. ಆಮೇಲೆ ಸಣ್ಣ ದನಿಯಲ್ಲಿ ಏನೋ ಕೇಳಿದ. ಅವಳ ಮುಖದಲ್ಲಿ ಒಂದು ಕ್ಷಣ ಬೇರೆ ಏನೋ ಹಾದುಹೋಯಿತು. ಹನ್ನೆರಡು ವರ್ಷ ಅವಳಿಗೂ ಹನ್ನೆರಡೇ ಅಲ್ಲವೇ.

“ಇಲ್ಲ, ಯಾರೂ ಹೊಡೆಯಲ್ಲ,” ಎಂದಳು ಮೆತ್ತಗೆ. “ಬಂದು ಬಾವಿ ಮುಗಿಸಿಕೊಟ್ಟು ಹೋಗು. ಕ್ಲಾಯ್ಸ್ ಹತ್ತಿರ ಮಾತ್ರ ಹಸುವಿನ ವಿಷಯ ಎತ್ತಬೇಡ.”

ಅವನು ಬಂದನೇ? ಇಲ್ಲ, ಇನ್ನೂ ಬಂದಿಲ್ಲ. ಒಲೀಟಾ ಅವನಿಗಾಗಿ ಕಾದು ಕೂತವಳೂ ಅಲ್ಲ. ಅವಳು ಫೋನ್ ಇಟ್ಟು, ನನ್ನ ಸೀಟಿಗೆ ಚರ್ಮ ಬೇಕೋ ರೆಕ್ಸಿನ್ ಸಾಕೋ ಎಂದು ಕೇಳಿದಳು. ರೆಕ್ಸಿನ್ ಸಾಕು ಎಂದೆ. “ಚರ್ಮ ಹಾಕಿಸ್ಕೊಳ್ಳಿ, ನಿಮ್ಮ ಬೆನ್ನು ನನಗೆ ಗೊತ್ತು,” ಎಂದು ಅವಳೇ ತೀರ್ಮಾನಿಸಿದಳು.

ಹೊರಗೆ ಪಿಕಪ್ಪಿನ ತುಂಬ ಊರಿನ ಹಳೇ ಸಿನಿಮಾ ಮಂದಿರದ ಕುರ್ಚಿಗಳಿದ್ದವು. ಅಷ್ಟನ್ನೂ ಹೊಸದಾಗಿ ಕಟ್ಟುವ ಕೆಲಸ ಅವಳಿಗೇ ಸಿಕ್ಕಿತ್ತು. ಮಂದಿರದವನು ಪಾದ್ರಿಗಳ ಭಾಮೈದ. ಹಗ್ಗ ಸಡಿಲವಾಗಿತ್ತು. ಒಂದು ತುದಿ ನನ್ನ ಕೈಗೆ ಕೊಟ್ಟು, “ಎಳೀರಿ, ಹೊಸ ಬಣ್ಣ ಅಂತ ಹೆದರಬೇಡಿ. ಗಾಡಿ ಇರೋದೇ ಹೊರೋಕೆ,” ಎಂದಳು. ಎಳೆದೆ. ಅವಳು ಇನ್ನೊಂದು ಕಡೆಯಿಂದ ಬಿಗಿದು ಗಂಟು ಹಾಕಿ, ಹತ್ತಿ ಕೂತು, ಸ್ಟೇರಿಂಗಿನ ಮೇಲಿಂದ ಒಂದು ಬೆರಳೆತ್ತಿ ಬರುತ್ತೇನೆಂದು ಸನ್ನೆ ಮಾಡಿ ಹೊರಟಳು.