ಕೆಂಪು ಹಾಕಿದರೆ ನಿಜ, ಹಸಿರು ಹಾಕಿದರೆ ಸುಳ್ಳು

ಮೊನ್ನೆ ಶಾಲೆಯಲ್ಲಿ ಊಟದ ಬಿಡುವಿಗೆ ಜೊತೆಯ ಟೀಚರೊಬ್ಬರು ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ಟಿವಿಯ ಹಾಸ್ಯ ಕಾರ್ಯಕ್ರಮವೊಂದನ್ನು ಹಾಕಿದರು. ನೀವೂ ನೋಡಿರುತ್ತೀರಿ. ನಾಲ್ವರು ಹಾಸ್ಯಗಾರರು ಸಾಲಾಗಿ ಕೂತಿರುತ್ತಾರೆ. ನಿರೂಪಕ ಸಿನಿಮಾದವರ ಬಗ್ಗೆ ಒಂದು ಗಾಳಿಸುದ್ದಿ ಬಿಡುತ್ತಾನೆ, ಅದು ನಿಜವೋ ಸುಳ್ಳೋ ಇವರು ಹೇಳಬೇಕು. ತಪ್ಪಿದವರ ತಲೆಗೆ ಮೈದಾ ಹಿಟ್ಟು. ವಸ್ತಾರೆಯ ನಮ್ಮ ಪುಟ್ಟ ಸ್ಟಾಫ್ ರೂಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಮಾತ್ರ ಅವ್ವನ ನೆನಪಾಯಿತು.

ನಾನು ಡಿಗ್ರಿ ಓದುವಾಗ ಅವ್ವ ಕೊಟ್ಟಿಗೆಹಾರದ ಹತ್ತಿರ ಒಂದು ಎಸ್ಟೇಟಿನಲ್ಲಿ ಕೆಲಸಕ್ಕಿದ್ದಳು. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಕಾಲೇಜಿಗೆ ರಜೆ ಸಿಕ್ಕಾಗ ನಾನೂ ಕಾಫಿ ಹಣ್ಣು ಕೊಯ್ಯಲು ಹೋಗುತ್ತಿದ್ದೆ. ಕೊಯ್ಯುತ್ತಿದ್ದೆ ಎಂದರೆ ಸುಳ್ಳಾದೀತು, ನನ್ನ ಬುಟ್ಟಿಯಲ್ಲಿ ಹಣ್ಣಿಗಿಂತ ಎಲೆಯೇ ಹೆಚ್ಚು. "ಇದು ತೂಕಕ್ಕಾ, ದನಕ್ಕಾ ಮಾರಾಯ್ತಿ?" ಎಂದು ಮೇಸ್ತ್ರಿ ದಿನಾ ಕೇಳುತ್ತಿದ್ದರು.

ತೂಕಕ್ಕೆ ಮೊದಲು ಹೆಂಗಸರು ಕೊಯ್ದದ್ದನ್ನೆಲ್ಲ ಗೋಣಿಯ ಮೇಲೆ ಸುರಿದು, ಕೆಂಪು ಹಣ್ಣಿನಿಂದ ಹಸಿರು ಕಾಯಿಯನ್ನು ಆರಿಸಿ ಬೇರೆ ಮಾಡಬೇಕು. ಕೈಗೆ ಕೆಲಸ, ಬಾಯಿಗೆ ಬಿಡುವು. ಭಾನುವಾರ ಟಿವಿಯಲ್ಲಿ ಆ ಆಟ ನೋಡಿ ಬಂದ ಲಲಿತಕ್ಕ ಸೋಮವಾರ ಅದನ್ನು ಅಲ್ಲಿಯೇ ಶುರು ಮಾಡಿದಳು. ನಿರೂಪಕಿ ಅವಳೇ. ಸುದ್ದಿ ನಿಜ ಅನ್ನಿಸಿದರೆ ನಡುವಿನ ಗೋಣಿಗೆ ಕೆಂಪು ಹಣ್ಣು ಹಾಕಬೇಕು, ಸುಳ್ಳಾದರೆ ಹಸಿರು ಕಾಯಿ. ಎರಡು ದಿನದಲ್ಲಿ ಸಿನಿಮಾದವರು ಮುಗಿದರು. ಆಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ತಲೆಗೆ ಬಣ್ಣ ಹಚ್ಚುವುದು, ಮೇಸ್ತ್ರಿ ಮನೆಯಲ್ಲಿ ಪಾತ್ರೆ ತೊಳೆಯುವುದು ಎಲ್ಲ ಬಂತು. ನಾನೂ ಸಾಕಷ್ಟು ಹಣ್ಣು ಹಾಕಿದ್ದೇನೆ.

ಒಂದು ಸಂಜೆ ಲಲಿತಕ್ಕ ನಗಲಿಲ್ಲ. "ಗಿರಿಜಕ್ಕ, ಬೇಜಾರು ಮಾಡ್ಕಬೇಡ" ಎಂದಳು ಅವ್ವನಿಗೆ. "ಪಲ್ಪರ್ ಮನೆ ಶೇಖರಣ್ಣನ್ನ ನೀ ಮದ್ವೆ ಆಗ್ತೀಯಂತ ಹೊರಗೆಲ್ಲ ಆಡ್ಕಳ್ತಿದಾರೆ. ಸುಳ್ಳು ಅಂತ ನಾವೇ ಇವತ್ತು ತೀರ್ಮಾನ ಮಾಡಿ ಬಿಡಾಣ."

ಅವ್ವನ ಮಾನ ಉಳಿಸುವ ಉತ್ಸಾಹದಲ್ಲಿ ಹೆಂಗಸರೆಲ್ಲ ಟಪಟಪನೆ ಹಸಿರು ಕಾಯಿ ಹಾಕಿದರು. ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. ಒಂದು ಕೆಂಪು ಹಣ್ಣು ತೆಗೆದು ಆ ಹಸಿರಿನ ಮೇಲೆ ಇಟ್ಟಳು.

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಸಿಟ್ಟು ಬಂದಿತ್ತು. ನನಗೆ ಮೊದಲು ಹೇಳಬಾರದಿತ್ತೇ? ನಾಳೆ ನನ್ನನ್ನು ನೋಡಲು ಬಂದವರು ಏನಂದಾರು? ಶೇಖರಣ್ಣ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೆಷಿನ್ ನೋಡಿಕೊಳ್ಳುತ್ತಿದ್ದವರು, ಹೆಂಡತಿ ತೀರಿಹೋದ ಮೇಲೆ ಒಂಟಿಯಾಗಿದ್ದವರು, ಮಾತು ಕಡಿಮೆ, ಕೆಟ್ಟವರೇನಲ್ಲ. ಆದರೂ ಕಣ್ಣು ತುಂಬಿತು.

"ಹೇಳೋಕೆ ಬಾಯೇ ಬರ್ಲಿಲ್ಲ ಮಗ" ಎಂದಳು ಅವ್ವ. "ನಿಜಾನೋ ಸುಳ್ಳೋ ಅಂತ ನೀ ಹಾಕೋದು ಬೇಡ. ಆಗ್ಲೋ ಬೇಡ್ವೋ ಅಂತ ಹಾಕು. ನೀ ಬೇಡ ಅಂದ್ರೆ ಇಲ್ಲಿಗೇ ಬಿಟ್ಟೆ."

ಅವಳು ಯಾರಲ್ಲೂ ಏನನ್ನೂ ಕೇಳಿದವಳಲ್ಲ. ನಾನು ಕೆಂಪು ಹಣ್ಣು ಹಾಕಿದೆ. ಆಮೇಲೆ ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ, ಅದು ಬೇರೆ ಮಾತು. ಕಳಸದ ದೇವಸ್ಥಾನದಲ್ಲಿ ಮದುವೆ ಆಯಿತು. ಲಲಿತಕ್ಕನೇ ಮುಂದೆ ನಿಂತು ಎಲ್ಲ ಮಾಡಿದಳು.

ಮೊನ್ನೆ ಕಾರ್ಯಕ್ರಮ ಮುಗಿದ ಮೇಲೆ ಆ ಟೀಚರು ಮೊಬೈಲು ಎತ್ತಿಟ್ಟುಕೊಳ್ಳುತ್ತಾ ದನಿ ತಗ್ಗಿಸಿದರು: "ತಪ್ಪು ತಿಳ್ಕೋಬೇಡಿ. ನಿಮ್ ತಾಯಿ ಎರಡನೇ ಮದ್ವೆ ಆಗಿದಾರಂತೆ, ನಿಜನಾ?"

"ಛೇ, ಸುಳ್ಳಿರ್ಬೇಕು, ಬಿಡಿ" ಎಂದು ಇನ್ನೊಬ್ಬರು ನನ್ನ ನೆರವಿಗೆ ಬಂದರು.

ಈ ಊರಿಗೆ ಬಂದಾಗಿನಿಂದ ನಾನು ಆ ವಿಷಯ ಎತ್ತಿದವಳೇ ಅಲ್ಲ. ಆದರೆ ನೆರವಿಗೆ ಬಂದ ಆ ಒಳ್ಳೆಯವರ ಮುಖ ನೋಡಿದಾಗ ಅವತ್ತು ಹಸಿರು ಕಾಯಿ ಹಾಕಿದವರೆಲ್ಲ ನೆನಪಾದರು, ಸುಮ್ಮನಿರಲು ಆಗಲಿಲ್ಲ.

"ನಿಜ" ಎಂದೆ. "ನನ್ನನ್ನ ಕೇಳಿಯೇ ಆಗಿದ್ದು. ಮುಂದಿನ ವಾರ ಇಬ್ಬರೂ ಇಲ್ಲಿಗೆ ಬರ್ತಿದಾರೆ, ಮನೆಗೆ ಬನ್ನಿ, ಪರಿಚಯ ಮಾಡಿಸ್ತೀನಿ."

ನಿಜ ಹೇಳಬೇಕೆಂದರೆ ಅವ್ವ, ಶೇಖರಣ್ಣ ಬರುವ ಮಾತೇ ಇರಲಿಲ್ಲ. ಸಂಜೆ ಮನೆಗೆ ಬಂದವಳೇ ಫೋನ್ ಮಾಡಿ ಇಬ್ಬರನ್ನೂ ಕರೆದೆ.