ಇಳಿಜಾರಿಗೆ ಮೂವತ್ತು ಸಾಕು ಎಂದ ನಿಧಾನಕ್ಕ

ದ್ವೀಪಕ್ಕೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಗುಡ್ಡದಿಂದ ಲಾಂಚು ನಿಲ್ಲುವ ಧಕ್ಕೆಗೆ ಇಳಿಯುವ ರಸ್ತೆಯಲ್ಲಿ ಒಂದು ಲಗೇಜ್ ಆಟೊ ಕೆಳಕ್ಕೆ ಬರುತ್ತದೆ, ತಿರುಗಿಸಿಕೊಂಡು ಮೇಲಕ್ಕೆ ಹೋಗುತ್ತದೆ, ಮತ್ತೆ ಕೆಳಕ್ಕೆ ಬರುತ್ತದೆ. ಹಿಂದೆ ಸಾಮಾನೇನೂ ಇಲ್ಲ. ಅಂಚಿನವರೆಗೆ ನೀರು ತುಂಬಿದ ಒಂದು ಬಕೆಟ್ಟಿದೆ, ಅದನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿದ್ದಾರೆ. ಓಡಿಸುವ ಹೆಂಗಸಿಗೆ ತಲೆ ಕೆಟ್ಟಿರಬೇಕು ಅಂದುಕೊಂಡೆ, ಸುಳ್ಳೇಕೆ ಹೇಳಲಿ.

"ಸುಮ್ನೆ ನಿಂತು ನೋಡಿದ್ರೆ ಏನ್ ಬರೀತೀರಿ ಸಾರ್? ಹಿಂದೆ ಹತ್ತಿ. ನೀರು ಚೆಲ್ಲಿದ ತಕ್ಷಣ ಕೂಗಿ."

ಹತ್ತುತ್ತೇನೆ. ತಿರುವು ಬರುತ್ತದೆ. ನಾನು ಕೂಗಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಪ್ಯಾಂಟು ತೊಪ್ಪೆಯಾಗಿದೆ.

"ನಲವತ್ತಕ್ಕೆ ಚೆಲ್ತು," ಎನ್ನುತ್ತಾ ಆಕೆ ಹಿಂತಿರುಗಿ ನೋಡಿ ನಗುತ್ತಾರೆ. "ಮೂವತ್ತಕ್ಕೆ ಚೆಲ್ಲಿರ್ಲಿಲ್ಲ. ನಿನ್ನೆನೂ ಹೀಗೇ, ಮೊನ್ನೆನೂ ಹೀಗೇ. ಇನ್ನು ಅನುಮಾನ ಇಲ್ಲ."

ಇವರೇ ಈ ಪುಟ್ಟ ದ್ವೀಪದ ರಸ್ತೆಗಳಿಗೆ ವೇಗದ ಮಿತಿ ಹೇಳುವವರು. ಊರಿಗೆಲ್ಲ ಇವರು 'ನಿಧಾನಕ್ಕ'. ಎದುರಿಗೆ ಯಾರೇ ಬರಲಿ, ಕೈ ಬೀಸಿ "ನಿಧಾನ, ನಿಧಾನ" ಎನ್ನುವ ಅಭ್ಯಾಸಕ್ಕೆ ಬಿದ್ದ ಹೆಸರು. ಹಿಂದೆ ರಸ್ತೆ ಕಚೇರಿಯ ಕೆಲಸದಲ್ಲಿದ್ದು ಗುಂಡಿ ಮುಚ್ಚುತ್ತಿದ್ದರು, ಬೋರ್ಡುಗಳಿಗೆ ಬಣ್ಣ ಬಳಿಯುತ್ತಿದ್ದರು. ಯಾವ ರಸ್ತೆಗೆ ಎಷ್ಟು ವೇಗವಿರಬೇಕು ಎಂದು ದ್ವೀಪದ ಆಡಳಿತ ಸಮಿತಿಯಲ್ಲಿ ಜಗಳವಾಗಿ, ಯಾರೂ ಒಪ್ಪದೆ, ಕೊನೆಗೆ "ಅಂಕಿ ಬರೆಯೋಳೇ ಅಂಕಿ ಹೇಳಲಿ" ಎಂದು ಕೈತೊಳೆದುಕೊಂಡರಂತೆ. ಕೆಲಸ ಹೆಚ್ಚಾಯಿತು, ಹುದ್ದೆಯ ಹೆಸರು ಮಾತ್ರ ಇವತ್ತಿಗೂ ಪೇಂಟರ್.

ದ್ವೀಪ ದೊಡ್ಡದೇನಲ್ಲ. ಆಟೊದಲ್ಲಿ ಅರ್ಧ ಗಂಟೆಯೊಳಗೆ ಒಂದು ಸುತ್ತು ಹಾಕಬಹುದು. ಆಚೆ ದಡಕ್ಕೆ ದಿನಕ್ಕೆ ಮೂರು ಸಲ ಲಾಂಚು. ಇಷ್ಟು ಚಿಕ್ಕ ಊರಲ್ಲಿ ಯಾರಿಗೆ ಏನು ಆತುರ ಎಂದು ಕೇಳಿದ್ದಕ್ಕೆ ನಿಧಾನಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಇಡೀ ದಿನ ಆಮೆ ಥರ ಇರ್ತಾರೆ ಸಾರ್. ಲಾಂಚಿನ ಹಾರ್ನ್ ಕೇಳಿದ್ರೋ, ಮುಗೀತು! ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಎಲ್ಲಾ ಒಟ್ಟಿಗೆ ಇಳಿಜಾರಿಗೆ ಬೀಳ್ತಾರೆ."

ಆ ಇಳಿಜಾರಿನ ತಿರುವಿಗೇ ಅಂಟಿಕೊಂಡು ಬ್ರೆಡ್ ಅಜ್ಜಿಯ ಅಂಗಡಿಯಿದೆ. ಹೋದ ವರ್ಷ ಐಸ್ ಸಾಗಿಸುವ ವ್ಯಾನು ಲಾಂಚು ಹಿಡಿಯುವ ಭರದಲ್ಲಿ ಅಂಗಡಿಯ ಮೆಟ್ಟಿಲನ್ನೇ ಕಿತ್ತುಕೊಂಡು ಹೋಯಿತು. ಮೆಟ್ಟಿಲ ಮೇಲೆ ನಿಂತಿದ್ದ ಅಜ್ಜಿಯ ಕಾಲು ಮುರಿಯಿತು. ಈಗ ಕೋಲು ಹಿಡಿದೇ ನಡೆಯುತ್ತಾರೆ.

"ಆ ದಿನ ನನಗೆ ರೋಷ ಬಂತು," ಎನ್ನುತ್ತಾರೆ ನಿಧಾನಕ್ಕ. "ಇಪ್ಪತ್ತು ಅಂತ ಬರೆದು ಬೋರ್ಡ್ ನೆಟ್ಟುಬಿಟ್ಟೆ. ಆಚೆ ದಡದಿಂದ ಬಂದಿದ್ದ ಇಂಜಿನಿಯರಮ್ಮ ಬೇಡ ಅಂದ್ರು. ತೀರಾ ಕಮ್ಮಿ ಇಟ್ರೆ ಯಾರೂ ಕೇಳಲ್ಲ, ಕೇಳೋ ನಾಲ್ಕು ಜನರನ್ನ ಮಿಕ್ಕವರು ಹಿಂದೆ ಹಾಕೋಕೆ ಹೋಗ್ತಾರೆ ಅಂದ್ರು. ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ. ಆಯಮ್ಮ ಹೇಳಿದ್ದೇ ಆಯ್ತು. ತಿರುವಲ್ಲೇ ಒಬ್ಬರನ್ನೊಬ್ಬರು ಹಿಂದೆ ಹಾಕೋಕೆ ಶುರು ಮಾಡಿದ್ರು. ಮೊದಲಿಗಿಂತ ಅಪಾಯ. ಮಾಡಿದ್ದುಣ್ಣೋ ಮಹರಾಯ!"

ಕೊನೆಗೆ ಸಮಿತಿಯವರು ಬೇಸತ್ತು, ಇಳಿಜಾರಿನಲ್ಲಿ ವಾಹನವೇ ಬೇಡ, ಎಲ್ಲರೂ ನಡೆದೇ ಧಕ್ಕೆಗೆ ಇಳಿಯಲಿ ಎಂದರು. ಹಾಗಾದರೆ ಅಜ್ಜಿ ಆಚೆ ದಡಕ್ಕೆ ಕಳಿಸುವ ಬ್ರೆಡ್ಡಿನ ಗತಿ? ಕಾಲು ನೋವಿರುವವರ ಗತಿ? ನಿಧಾನಕ್ಕ ಒಂದು ವಾರದ ಅವಕಾಶ ಕೇಳಿಕೊಂಡರು. ಹೊಸ ಮಿತಿ ಮೂವತ್ತು. ವಾರದಲ್ಲಿ ಒಬ್ಬನೇ ಒಬ್ಬ ತಿರುವಿನಲ್ಲಿ ಇನ್ನೊಬ್ಬನನ್ನು ಹಿಂದೆ ಹಾಕಿದರೂ ರಸ್ತೆ ಮುಚ್ಚಲಿ ಎಂದು ಒಪ್ಪಿಕೊಂಡರು. ಇವತ್ತು ಆ ವಾರದ ಕೊನೆಯ ದಿನ! ನಾನು ಬಂದಿರುವ ಮುಹೂರ್ತ ನೋಡಿ.

ಆದರೆ ಬರೀ ಬೋರ್ಡಿನಿಂದ ಕೆಲಸವಾಗದು ಎಂದು ನಿಧಾನಕ್ಕನಿಗೆ ಈ ಸಲ ಗೊತ್ತಿತ್ತು. ಜನ ಓಡುವುದು ಲಾಂಚು ತಪ್ಪೀತೆಂಬ ಹೆದರಿಕೆಗೆ. ಆ ಹೆದರಿಕೆ ಹೋಗಬೇಕಾದರೆ ಲಾಂಚು ಕಾಯಬೇಕು. ಲಾಂಚು ಕಾಯಬೇಕಾದರೆ ಅದರ ಚಾಲಕ ಒಪ್ಪಬೇಕು. ಆ ಚಾಲಕ ಬೇರೆ ಯಾರೂ ಅಲ್ಲ, ಇವರ ಯಜಮಾನರು. ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರು ಇವರನ್ನು ನೋಡಿಯೇ ಹೇಳಿರಬೇಕು.

ಯಜಮಾನರು ಗಡಿಯಾರದ ಮನುಷ್ಯ. ಅವರ ಹಾರ್ನ್ ಕೇಳಿ ಊರಿನವರು ಗೋಡೆ ಗಡಿಯಾರ ಸರಿ ಮಾಡಿಕೊಳ್ಳುತ್ತಾರೆ. ಲಾಂಚು ಕಾಯುತ್ತದೆಯೇ ಎಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಾನೇ ಕೇಳಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ನನ್ನ ಸರ್ವೀಸಲ್ಲಿ ಒಂದು ದಿನ ತಡ ಮಾಡಿಲ್ಲ ಸಾರ್. ಇವಳು ಹಟ ಹಿಡಿದಳು, ಹ್ಞೂಂ ಅಂದಿದೀನಿ. ಗುಡ್ಡದ ಮೇಲಿಂದ ಯಾರಾದ್ರೂ ಎರಡು ಸಲ ಲೈಟ್ ಹಾಕಿದ್ರೆ, ನಾನು ಒಂದು ಚಿಕ್ಕ ಹಾರ್ನ್ ಕೊಡಬೇಕಂತೆ. 'ಕಂಡಿದೀನಿ, ಕಾಯ್ತೀನಿ' ಅಂತ ಅರ್ಥ."

"ಇಲ್ಲೀವರೆಗೆ ಕೊಟ್ಟಿದ್ದೀರಾ?"

"ಪ್ರಸಂಗ ಬಂದಿಲ್ಲ."

"ಬಂದಾಗ ಕೊಡ್ತೀರಿ ತಾನೇ?" ಎಂದರು ನಿಧಾನಕ್ಕ, ಸೌಟು ಕೈಯಲ್ಲೇ ಹಿಡಿದು.

"ಊಟ ಮಾಡೋಕೆ ಬಿಡ್ತೀಯೇನೇ?" ಎಂದರು ಯಜಮಾನರು.

ಬೆಳಗಿನ ಲಾಂಚಿಗೆ ವಾಹನಗಳು ಒಂದರ ಹಿಂದೆ ಒಂದು ಶಿಸ್ತಾಗಿ ಇಳಿದಿದ್ದವು. ಮಧ್ಯಾಹ್ನದ್ದೂ ಹಾಗೇ. ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಬ್ರೆಡ್ ಅಜ್ಜಿಯೇ ಈ ವಾರದ ಕಾವಲು. ಯಾರಾದರೂ ಮುನ್ನುಗ್ಗಿದರೆ ಕೋಲು ಮೇಲೇಳುತ್ತದೆ. "ಇವತ್ತು ಕೋಲಿಗೆ ರಜ ಕಣಪ್ಪಾ," ಎಂದು ನನಗೊಂದು ಬಿಸಿ ಬನ್ನು ಕೊಟ್ಟರು. "ಆದ್ರೆ ಸಂಜೆ ಲಾಂಚು ಹೋಗೋವರೆಗೆ ನನ್ನ ಜೀವಕ್ಕೆ ಸಮಾಧಾನ ಇಲ್ಲ."

ಅಜ್ಜಿಯ ಬಾಯಲ್ಲಿ ಏನಿತ್ತೋ! ಸಂಜೆ ದ್ವೀಪದ ಆ ತುದಿಯಲ್ಲಿ ಗಾಳಿಗೆ ವಾಲಿದ್ದ ಒಂದು ಬೋರ್ಡನ್ನು ಸರಿಯಾಗಿ ನಿಲ್ಲಿಸಿ ಬಣ್ಣ ಬಳಿಯುವಷ್ಟರಲ್ಲಿ ನಮಗೆ ಹೊತ್ತಾಗುತ್ತದೆ. ಕೊನೆಯ ಲಾಂಚಿಗೆ ನಾನು ಹೋಗಲೇಬೇಕು. ನಾಳೆ ಬೆಳಗ್ಗೆ ಈ ಲೇಖನ ಕೊಡದಿದ್ದರೆ ಸಂಪಾದಕರು ನನ್ನನ್ನು ಹುರಿದು ಮುಕ್ಕುತ್ತಾರೆ. ನಿಧಾನಕ್ಕನ ಪಕ್ಕ ಇಕ್ಕಟ್ಟಿನಲ್ಲಿ ಕೂರುತ್ತೇನೆ, ಗುಡ್ಡದ ತಲೆಗೆ ಬರುತ್ತೇವೆ. ಕೆಳಗೆ ಧಕ್ಕೆಯಲ್ಲಿ ಲಾಂಚು ಬೊಂಬೆಯಷ್ಟು ಚಿಕ್ಕದಾಗಿ ಕಾಣುತ್ತದೆ. ಆಗಲೇ ಹೊರಡುವ ಹಾರ್ನ್ ಉದ್ದಕ್ಕೆ ಕೂಗುತ್ತದೆ.

ನಿಧಾನಕ್ಕ ಎರಡು ಸಲ ಲೈಟ್ ಹಾಕುತ್ತಾರೆ.

ಉತ್ತರವಿಲ್ಲ.

ಇಳಿಜಾರು ಶುರುವಾಗುತ್ತದೆ. ವೇಗ ತೋರಿಸುವ ಮುಳ್ಳು ಮೂವತ್ತಕ್ಕೆ ಬಂದು ಕೂತುಬಿಡುತ್ತದೆ. ಅಷ್ಟರಲ್ಲಿ ಹಿಂದಿನಿಂದ ಪೀಂ ಪೀಂ ಎಂಬ ಸದ್ದು. ತಿರುಗಿ ನೋಡುತ್ತೇನೆ, ಐಸ್ ವ್ಯಾನು! ಹೋದ ವರ್ಷ ಮೆಟ್ಟಿಲು ಕಿತ್ತ ಅದೇ ವ್ಯಾನು, ಅದೇ ಚಾಲಕ. ಐಸು ಕರಗುತ್ತಿದೆ, ಲಾಂಚು ಹೊರಡುತ್ತಿದೆ, ಮುಂದೆ ನಮ್ಮ ಆಟೊ ಮೆರವಣಿಗೆ ಹೊರಟಂತೆ ಹೋಗುತ್ತಿದೆ. ಅವನ ಸಂಕಟ ಅವನಿಗೆ.

"ಅಕ್ಕಾ, ಸ್ವಲ್ಪ ಬೇಗ!" ಎಂದು ಯಾರೋ ಕಿರುಚುತ್ತಾರೆ. ಯಾರೋ ಏನು, ನಾನೇ. ಆಮೇಲೆ ನಾಚಿಕೆಯಾಯಿತು, ಆ ಹೊತ್ತಿಗೆ ಆಗಲಿಲ್ಲ.

"ಬೋರ್ಡ್ ಬರೆದೋಳೇ ಮೀರಿದ್ರೆ ಇನ್ಯಾರು ಕೇಳ್ತಾರೆ ಸಾರ್?" ಎನ್ನುತ್ತಾರೆ ನಿಧಾನಕ್ಕ. ಇನ್ನೊಮ್ಮೆ ಲೈಟ್ ಹಾಕುತ್ತಾರೆ. ಕೆಳಗೆ ಸದ್ದಿಲ್ಲ. ಲಾಂಚಿನ ಹಗ್ಗ ಬಿಚ್ಚಲು ಯಾರೋ ಬಾಗುವುದು ಕಾಣುತ್ತದೆ.

ತಿರುವು ಬಂದೇಬಿಟ್ಟಿತು. ಅಂಗಡಿಯ ಬಾಗಿಲಲ್ಲಿ ಅಜ್ಜಿ ಎದ್ದು ನಿಂತಿದ್ದಾರೆ. ಐಸ್ ವ್ಯಾನಿನ ಮೂತಿ ನಮ್ಮ ಬಲಕ್ಕೆ ಸರಿಯುತ್ತದೆ, ಇನ್ನೂ ಸರಿಯುತ್ತದೆ, ಅದರ ಚಕ್ರ ನನ್ನ ಕಣ್ಣಂಚಿಗೆ ಬರುತ್ತದೆ. ಅಜ್ಜಿಯ ಕೋಲು ಮೇಲೇಳುತ್ತದೆ. ವೇಗದ ಮಿತಿಯಂಥ ಒಣ ವಿಷಯಕ್ಕೆ ಎದೆ ಹೀಗೆ ಢವಢವ ಹೊಡೆದುಕೊಳ್ಳುತ್ತದೆಂದು ನಿನ್ನೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಪೊಂ!

ಚಿಕ್ಕ ಹಾರ್ನ್. ಕೆಳಗಿನಿಂದ. ಒಂದೇ ಒಂದು.

ವ್ಯಾನಿನ ಚಕ್ರ ನನ್ನ ಕಣ್ಣಂಚಿನಿಂದ ಹಿಂದಕ್ಕೆ ಹೋಗುತ್ತದೆ. ತಿರುಗಿ ನೋಡಿದರೆ ಅವನು ಸರಿಯಾಗಿ ನಮ್ಮ ಹಿಂದೆ, ಒಳ್ಳೆ ಹುಡುಗನ ಹಾಗೆ. ಅಜ್ಜಿ ಎತ್ತಿದ ಕೋಲನ್ನು ಇಳಿಸಲು ಮರೆತು ಅದನ್ನೇ ಬಾವುಟದ ಹಾಗೆ ಬೀಸುತ್ತಿದ್ದಾರೆ. ನಾನು ಆಟೊದೊಳಗೇ ಹೋ ಎಂದು ಕೂಗಿಬಿಟ್ಟೆ. ನಿಧಾನಕ್ಕ ಕೂಗಲಿಲ್ಲ, ಕಣ್ಣು ಒರೆಸಿಕೊಂಡರು. ಮುಳ್ಳು ಮೂವತ್ತರಲ್ಲೇ ಇತ್ತು.

ಧಕ್ಕೆಯಲ್ಲಿ ಯಜಮಾನರು ಕೈಗಡಿಯಾರ ಮುಂದಕ್ಕೆ ಹಿಡಿದು ನಿಂತಿದ್ದಾರೆ.

"ನನ್ನ ಜನ್ಮದಲ್ಲಿ ಮೊದಲ ಸಲ ತಡ," ಎನ್ನುತ್ತಾರೆ.

"ಹಾರ್ನ್ ಕೊಡೋಕೆ ಅಷ್ಟು ಹೊತ್ತು ಬೇಕಾಯ್ತೇನ್ರೀ? ನನ್ನ ಜೀವ ಬಾಯಿಗೆ ಬಂದಿತ್ತು!"

"ಲೈಟ್ ಮೊದಲೇ ಕಂಡಿತ್ತು ಕಣೇ. ಕೈ ಏಳಲಿಲ್ಲ. ಇಷ್ಟು ವರ್ಷದ ಅಭ್ಯಾಸ." ಗಡಿಯಾರದ ಕೈ ಕೆಳಗಿಳಿಸಿ, "ನೀನು ಗಾಡಿ ಜೋರು ಮಾಡ್ಲೇ ಇಲ್ಲ. ಅದನ್ನ ನೋಡ್ತಾ ಇದ್ದೆ. ಆಮೇಲೆ ಕೈ ತಾನಾಗೇ ಎದ್ತು," ಎನ್ನುತ್ತಾರೆ.

ಐಸ್ ವ್ಯಾನಿನವನು ತಲೆ ತಗ್ಗಿಸಿಕೊಂಡು ನಮ್ಮನ್ನು ದಾಟಿ ಹೋಗುತ್ತಾನೆ. "ಕಾಯ್ತಾರೆ ಅಂತ ಗೊತ್ತಿದ್ರೆ ನಾನ್ಯಾಕೆ ನುಗ್ಗಲಿ ಅಕ್ಕಾ," ಎಂದು ಅವನು ಗೊಣಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ರಸ್ತೆ ಉಳಿಯಿತು.

ಲಾಂಚು ಹತ್ತುವ ಹಲಗೆಯ ಮೇಲೆ ಒಂದು ಕಾಲಿಟ್ಟು ಕೊನೆಯ ಪ್ರಶ್ನೆ ಕೇಳುತ್ತೇನೆ. ಇನ್ನೇನು ಆಸೆ ಅಕ್ಕಾ? ಸಂಬಳ ಹೆಚ್ಚಲಿ, ಹುದ್ದೆಗೊಂದು ಹೆಸರು ಬರಲಿ ಎನ್ನುತ್ತಾರೇನೋ ಎಂದು ಕಾಯುತ್ತೇನೆ. ನಿಧಾನಕ್ಕ ಹಿಂದಿನ ಬಕೆಟ್ಟಿನಲ್ಲಿ ಉಳಿದ ನೀರಿನಿಂದ ಕೈಗೆ ಅಂಟಿದ ಬಣ್ಣ ತೊಳೆಯುತ್ತಾ ಗುಡ್ಡದ ಕಡೆ ನೋಡುತ್ತಾರೆ.

"ಒಂದಿನ ಆ ಮೂವತ್ತರ ಬೋರ್ಡ್ ಗಾಳಿಗೆ ಬಿದ್ದುಹೋಗಲಿ ಸಾರ್. ಬಿದ್ದಿದೆ ಅಂತ ಯಾರಿಗೂ ಗೊತ್ತೇ ಆಗಬಾರದು."